ಮಿಸ್‌ಗೊಂದು ಬೈಕ್ ಬೇಕಾಗಿದೆ

ನಾನು ಶಾಲೆಗೆ ಸೇರಿದ ಮೊದಲ ದಿನವೇ ಮೂರನೇ ತರಗತಿಯ ಹುಡುಗನೊಬ್ಬ ಕತ್ತೆತ್ತಿ ನನ್ನನ್ನು ನೋಡಿ ಕೇಳಿದ್ದ: "ಮಿಸ್, ಅಷ್ಟು ಮೇಲೆ ಗಾಳಿ ಜಾಸ್ತಿ ಬೀಸುತ್ತಾ?"

ನನ್ನ ಎತ್ತರ ಐದಡಿ ಹನ್ನೊಂದು ಇಂಚು. ಚಿಕ್ಕಂದಿನಿಂದ ತೆಂಗಿನ ಮರ, ಲೈಟು ಕಂಬ, ಏಣಿ, ಎಲ್ಲ ಹೆಸರೂ ಕೇಳಿ ಆಗಿದೆ. ಗುಂಪು ಫೋಟೋದಲ್ಲಿ ಯಾವಾಗಲೂ ಹಿಂದಿನ ಸಾಲು. ಹಾಗಾಗಿ ಹುಡುಗನ ಪ್ರಶ್ನೆಗೆ ಬೇಜಾರಾಗಲಿಲ್ಲ. ನಿಜವಾದ ಬೇಜಾರು ಇದ್ದದ್ದು ಬಸ್ಸಿನದು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಶಾಲೆ ಇರುವುದು ಹುಣಸೂರು ರಸ್ತೆಯಲ್ಲಿ ಇಲವಾಲ ದಾಟಿ, ಮುಖ್ಯ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಒಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ನಡಿಗೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತಾ ಗೇಟಿನೊಳಗೆ ಬರುವ ಟೀಚರ್ ಮಕ್ಕಳಿಗೆ ಸಮಯಪಾಲನೆ ಕಲಿಸುವುದು ಹೇಗೆ? ಸಂಜೆಯಂತೂ ಕತ್ತಲಾಗುವ ಹೊತ್ತಿಗೆ ರಸ್ತೆ ಬದಿಯಲ್ಲಿ ಒಬ್ಬಳೇ ನಿಂತಿರಬೇಕು.

"ಸ್ಕೂಟರ್ ತಗೋ" ಅಂದರು ಎಲ್ಲರೂ. ಗೆಳತಿಯ ಸ್ಕೂಟರ್ ಮೇಲೆ ಕೂತು ನೋಡಿದೆ. ನೇರ ಹೋಗುವಾಗ ತೊಂದರೆಯಿಲ್ಲ, ತಿರುಗಿಸುವಾಗ ಹ್ಯಾಂಡಲ್ ಬಂದು ಮೊಣಕಾಲಿಗೆ ಬಡಿಯುತ್ತಿತ್ತು. ಕಾಲನ್ನು ಹೊರಗೆ ಅಗಲಿಸಿದರೆ ಕಪ್ಪೆ ಕೂತ ಹಾಗೆ. ಎತ್ತರದವರಿಗೆಲ್ಲ ಸ್ಕೂಟರ್ ಆಗುವುದೇ ಇಲ್ಲ ಎಂದಲ್ಲ, ನನಗೆ ಸಿಕ್ಕಿದ್ದು ಆಗಲಿಲ್ಲ. ಬೈಕೇ ಕಲಿಯುತ್ತೇನೆ ಎಂದಾಗ ಅಜ್ಜಿ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು, "ಗಂಡುಬೀರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಸೋದರಮಾವನ ಮಗ ಮಾತ್ರ ಖುಷಿಯಾದ. ಅವನದು 350 ಸಿ.ಸಿ.ಯ ದೊಡ್ಡ ಗಾಡಿ. "ಅಕ್ಕಾ, ನಿನ್ನ ಎತ್ತರಕ್ಕೆ ಇದೇ ಸರಿ. ಚಿಕ್ಕ ಬೈಕಲ್ಲಿ ಸರ್ಕಸ್ ಕರಡಿ ಥರ ಕಾಣ್ತೀಯ" ಅಂದ. ಅಂಗಡಿಯೊಂದರಲ್ಲಿ ವಿಚಾರಿಸಿದಾಗಲೂ ಅದೇ ಮಾತು: ಎತ್ತರ ಇದ್ದೀರಲ್ಲ ಮೇಡಂ, ದೊಡ್ಡದೇ ತಗೊಳ್ಳಿ. ನನಗೂ ಒಳಗೊಳಗೇ ಆಸೆ. ಜೀವನದಲ್ಲಿ ಮೊದಲ ಸಲ ನನ್ನ ಅಳತೆಗೆ ಒಂದು ವಸ್ತು ಸಿಕ್ಕಿತು ಅನ್ನಿಸಿತ್ತು.

ಒಂದು ಭಾನುವಾರ ಮಾವನ ಮನೆ ಅಂಗಳದಲ್ಲಿ ಅದರ ಮೇಲೆ ಕೂತೆ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು. ಇಂಜಿನ್ ಕೂಡ ಚಾಲೂ ಮಾಡಿರಲಿಲ್ಲ, ಕಾಲಲ್ಲೇ ತಳ್ಳಿಕೊಂಡು ತಿರುಗಿಸುತ್ತಿದ್ದೆ. ಅಂಗಳ ಸ್ವಲ್ಪ ಇಳಿಜಾರು, ಮೇಲೆ ಸಣ್ಣ ಜಲ್ಲಿ. ಎಡಗಾಲು ಸರ್ರನೆ ಜಾರಿತು. ಗಾಡಿ ದಡಾರನೆ ಬೀಳಲಿಲ್ಲ. ನಿಧಾನವಾಗಿ, ನನ್ನ ಕಣ್ಣೆದುರೇ, ನಾನು ಎಷ್ಟು ಬಿಗಿಯಾಗಿ ಹಿಡಿದರೂ ವಾಲುತ್ತಾ ಹೋಗಿ ಮಲಗಿತು. ಕಾಲು ಹೇಗೋ ಹೊರಗೆ ಬಂತು. ಕ್ಲಚ್ ಲಿವರ್ ಬಾಗಿತ್ತು, ಇಂಡಿಕೇಟರ್ ಒಡೆದಿತ್ತು. ಎತ್ತಲು ಇಬ್ಬರು ಬೇಕಾಯಿತು. ಅವನು ಏನೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

ಆಮೇಲೆ ಎರಡು ತಿಂಗಳು ಬೈಕಿನ ಮಾತೆತ್ತಲಿಲ್ಲ. ಉದ್ದ ಇದ್ದದ್ದಷ್ಟೇ ಲಾಭ, ಕೈಲಾಗುವುದು ಏನೂ ಇಲ್ಲ ಎಂದು ಮನಸ್ಸಿಗೆ ಅಂಟಿಕೊಂಡುಬಿಟ್ಟಿತ್ತು. ಮತ್ತೆ ಅದೇ ಬಸ್ಸು, ಅದೇ ಮೂರು ಕಿಲೋಮೀಟರ್.

ಮಾತೆತ್ತಿದವರು ತಾತ. ತಾತ ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಮೈಸೂರಿನ ಹಿರಿಯರಿಗೆ ಹೇಳಬೇಕಿಲ್ಲ, ಮಕ್ಕಳಿಗಾಗಿ ಹೇಳುತ್ತೇನೆ: 1961ರಿಂದ ನಮ್ಮೂರಲ್ಲೇ ಜಾವಾ ಮೋಟಾರ್ ಸೈಕಲ್ ತಯಾರಾಗುತ್ತಿತ್ತು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ತಾತನ ಯೆಜ್ಡಿ ಇವತ್ತಿಗೂ ನಮ್ಮ ಹಿತ್ತಲಿನ ಶೀಟಿನ ಕೆಳಗೆ ಹಳೇ ಜಮಖಾನ ಹೊದ್ದು ನಿಂತಿದೆ. ಎರಡೂ ಪಕ್ಕಕ್ಕೆ ಒಂದೊಂದು ಸೈಲೆನ್ಸರ್. ಅದರ ತಮಾಷೆ ಅಂದರೆ, ಕಿಕ್ ಹೊಡೆಯುವ ಲಿವರೂ ಗೇರ್ ಹಾಕುವ ಲಿವರೂ ಒಂದೇ. ಕಿಕ್ ಹೊಡೆದಾದ ಮೇಲೆ ಅದನ್ನೇ ಕೆಳಗಿಳಿಸಿದರೆ ಗೇರ್ ಲಿವರ್. ಪೆಟ್ರೋಲಿಗೆ ಅಳತೆ ಮಾಡಿ ಆಯಿಲ್ ಬೆರೆಸಿ ಹಾಕಬೇಕು.

ತಾತನ ಎತ್ತರ ಐದಡಿ ಮೂರಿಂಚು. ಅವರು ಆ ಗಾಡಿಯನ್ನು ನಲವತ್ತು ವರ್ಷ ಓಡಿಸಿದ್ದಾರೆ, ಒಂದು ಸಲವೂ ಎರಡೂ ಪಾದ ಪೂರ್ತಿ ಊರಿಲ್ಲವಂತೆ.

"ಕಾಲು ನೆಲಕ್ಕೆ ಮುಟ್ಟೋದು ಬೇರೆ, ವಾಲಿದ ಗಾಡಿ ತಡೆಯೋದು ಬೇರೆ ಕಣಮ್ಮ" ಅಂದರು. ಸ್ನಾನದ ಮನೆ ಪಕ್ಕದ ನೀರಿನ ಡ್ರಮ್ ತೋರಿಸಿದರು. ತುಂಬಿದ ಡ್ರಮ್ ನೆಟ್ಟಗಿದ್ದಾಗ ಒಂದು ಬೆರಳಿಟ್ಟರೂ ಸಾಕು, ಅದರ ಭಾರವನ್ನೆಲ್ಲ ನೆಲ ಹೊರುತ್ತದೆ. ಸ್ವಲ್ಪ ವಾಲಿಸಿ ನೋಡು, ಭಾರ ನಿನ್ನ ಕೈಗೂ ಬರುತ್ತದೆ. ವಾಲಿಸಿದೆ. ನೀರು ಚೆಲ್ಲಿ ಅಜ್ಜಿಯಿಂದ ಇಬ್ಬರಿಗೂ ಬೈಗುಳ ಸಿಕ್ಕಿತು, ಆದರೆ ವಿಷಯ ತಲೆಗೆ ಹತ್ತಿತು. ನನ್ನ ಎತ್ತರ ಒಂದು ಅಳತೆ. ನಾನು ಹೊಸಬಳು ಅನ್ನುವುದು ಇನ್ನೊಂದು ಅಳತೆ. ಗಾಡಿ ಎರಡಕ್ಕೂ ಹೊಂದಬೇಕು. ನಾನು ಮೊದಲನೆಯದನ್ನು ಮಾತ್ರ ನೋಡಿದ್ದೆ.

ಅಳತೆ ಎಂದಮೇಲೆ ಟೇಪು ಹಿಡಿಯಬೇಕಲ್ಲ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ಸಂದಿನಲ್ಲಿ ದಪ್ಪ ರಟ್ಟಿನ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಜ್ಜಿಯಿಂದ ಅಳೆಸಿದೆ. 86 ಸೆಂಟಿಮೀಟರ್. ಅಂದರೆ 860 ಮಿಲಿಮೀಟರ್. ಕಂಪನಿಗಳು ಸೀಟಿನ ಎತ್ತರವನ್ನು ಮಿಲಿಮೀಟರ್‌ನಲ್ಲಿ ಕೊಡುತ್ತವೆ.

ಮಾರನೇ ದಿನ ಏಳನೇ ತರಗತಿಯ ಗಣಿತಕ್ಕೆ ಇದೇ ಲೆಕ್ಕ. ಸ್ಪ್ಲೆಂಡರ್ ಪ್ಲಸ್‌ನ ಸೀಟು 785 ಮಿ.ಮೀ., ತೂಕ 112 ಕೆ.ಜಿ. ಕ್ಲಾಸಿಕ್ 350ರ ಸೀಟು 805 ಮಿ.ಮೀ., ತೂಕ 195 ಕೆ.ಜಿ. ವ್ಯತ್ಯಾಸ ಎಷ್ಟು? ಮಕ್ಕಳು ಕಳೆದರು: ಎತ್ತರದಲ್ಲಿ 20 ಮಿ.ಮೀ., ತೂಕದಲ್ಲಿ 83 ಕೆ.ಜಿ. "ಎರಡು ಸೆಂಟಿಮೀಟರ್ ಅಂದ್ರೆ ಇಷ್ಟೇ ಮಿಸ್" ಎಂದು ಒಬ್ಬಳು ಬೆರಳುಗಳ ನಡುವೆ ತೋರಿಸಿದಳು. "83 ಕೆ.ಜಿ. ಅಂದ್ರೆ ನಮ್ಮಪ್ಪನಿಗಿಂತ ಜಾಸ್ತಿ" ಅಂದ ಇನ್ನೊಬ್ಬ. ನಾನು ಅಷ್ಟು ಹೊತ್ತೂ ನೋಡದೆ ಬಿಟ್ಟಿದ್ದ ಸಂಗತಿ ಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿತ್ತು. ಎರಡು ಬೆರಳಿನ ಸಂದಿಯಷ್ಟು ಎತ್ತರದ ಆಸೆಗೆ ಒಬ್ಬ ದೊಡ್ಡ ಮನುಷ್ಯನ ಭಾರವನ್ನು ಕಲಿಯುವಾಗಲೇ ಹೊರಲು ಹೊರಟಿದ್ದೆ. ಭಾರದ ಗಾಡಿ ಕೆಟ್ಟದ್ದಲ್ಲ, ದೂರದ ದಾರಿಗೆ ಅದು ಹಾಯಾಗಿ ಹೋಗುತ್ತದೆ. ಆದರೆ ಇಲವಾಲದ ಹಂಪು, ಕುರಿಮಂದೆ, ಶಾಲೆಯ ಮುಂದಿನ ಜಲ್ಲಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ನಿಲ್ಲಿಸಿ ತಿರುಗಿಸುವ ಹೊಸಬಳಿಗೆ ಅದು ಮೊದಲ ಗಾಡಿ ಆಗಬೇಕಿರಲಿಲ್ಲ.

ಇಷ್ಟಾದರೂ ಮೊಣಕಾಲಿನ ಪ್ರಶ್ನೆ ಉಳಿಯಿತು. ಸವಾರಿಯ ಹೊತ್ತಿನಲ್ಲಿ ಕಾಲು ಇರುವುದು ನೆಲದ ಮೇಲಲ್ಲ, ಫುಟ್‌ರೆಸ್ಟ್ ಮೇಲೆ. ಸೀಟಿಗೂ ಫುಟ್‌ರೆಸ್ಟಿಗೂ ನಡುವೆ ಜಾಗ ಕಡಿಮೆಯಿದ್ದರೆ ಉದ್ದ ಕಾಲಿನವರ ಮೊಣಕಾಲು ಹೆಚ್ಚು ಮಡಚುತ್ತದೆ, ಅರ್ಧ ಗಂಟೆಯಲ್ಲಿ ನೋವು ಶುರು. ಈ ಅಳತೆಯನ್ನು ನಾನು ನೋಡಿದ ಯಾವ ಕಂಪನಿಯ ಕರಪತ್ರದಲ್ಲೂ ಹಾಕಿರಲಿಲ್ಲ. ಮಕ್ಕಳೇ ಅಳೆದರು. ಶಾಲೆಯ ಗೇಟಿನ ಬಳಿ ಹೆಡ್‌ಮಾಸ್ಟರ್ ಬೈಕು, ಹಾಲಿನ ಡೇರಿಯವರ ಬೈಕು, ಲೈನ್‌ಮನ್ ಅಣ್ಣನ ಬೈಕು ಮೂರೂ ಇದ್ದವು. ನಾನು ಕೂತೆ, ಅವರು ಟೇಪು ಹಿಡಿದರು. 47 ಸೆಂ.ಮೀ., 50 ಸೆಂ.ಮೀ., 54 ಸೆಂ.ಮೀ. ಕೊನೆಯದರಲ್ಲಿ ನನ್ನ ಮೊಣಕಾಲು ನಿರಾಳವಾಗಿತ್ತು. ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಮೊಣಕಾಲಿಗೆ ತಾಗುತ್ತದೆಯೇ ಎಂದು ನೋಡುವ ಕೆಲಸ ಆ ಮೂರನೇ ತರಗತಿಯವನದು. ತಾಗಿದರೆ "ಟಿಣ್" ಎಂದು ಕೂಗಬೇಕು. ಹೆಡ್‌ಮಾಸ್ಟರ್ ಬೈಕಿಗೆ ಎರಡು ಟಿಣ್ ಬಿತ್ತು, ಅವರು ಕಿಟಕಿಯಿಂದಲೇ ನಕ್ಕರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಳೆದು ಮುಗಿದ ಮೇಲೆ ದೊಡ್ಡ ಹುಡುಗರಿಬ್ಬರು, "ಮಿಸ್, ನಮಗೆ ಓಡ್ಸೋಕೇ ಬರುತ್ತೆ, ನಿಮಗೆ ನಾವೇ ಕಲಿಸ್ತೀವಿ" ಅಂದರು. ಅಪ್ಪನ ಬೈಕಲ್ಲಿ ತೋಟಕ್ಕೆ ಹೋಗಿ ಬರುತ್ತಾರಂತೆ. ಗೇರ್ ಬೈಕಿಗೆ ಹದಿನೆಂಟು ತುಂಬಿರಬೇಕು. ಮಕ್ಕಳ ಕೈಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ ಕಾನೂನಿನಲ್ಲಿ ಹಿರಿಯರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಇದೆ. ಅವತ್ತೇ ಇಬ್ಬರ ಮನೆಗೂ ಹೋಗಿ ಬಂದೆ. ಒಬ್ಬರ ತಂದೆ ಒಪ್ಪಿದರು. ಇನ್ನೊಬ್ಬರು ಕಾಫಿ ಕೊಟ್ಟು ಮಾತು ಬದಲಿಸಿದರು.

ಹೊಸ ಗಾಡಿಗೆ ನನ್ನ ಬಳಿ ಹಣವಿರಲಿಲ್ಲ. ಹೊಸಬರ ಗಾಡಿ ಒಂದೆರಡು ಸಲ ಮಲಗುವುದು ಇದ್ದದ್ದೇ, ಸೆಕೆಂಡ್ ಹ್ಯಾಂಡೇ ಇರಲಿ ಅಂದರು ತಾತ. ಪರಿಚಯದವರ ಮನೆಯಲ್ಲಿ ನಾಲ್ಕು ವರ್ಷದ ಹಳೆಯ ಯೂನಿಕಾರ್ನ್ ಇತ್ತು. ಸೀಟು 798 ಮಿ.ಮೀ., ತೂಕ ಸುಮಾರು 140 ಕೆ.ಜಿ., ಮುಂದಿನ ಚಕ್ರಕ್ಕೆ ಎಬಿಎಸ್. ಅಂದರೆ ಗಾಬರಿಯಲ್ಲಿ ಬ್ರೇಕ್ ಜೋರಾಗಿ ಹಿಡಿದರೂ ಆ ಚಕ್ರ ಸುಲಭಕ್ಕೆ ಕಚ್ಚಿಕೊಳ್ಳದಂತೆ ಕಾಯುವ ವ್ಯವಸ್ಥೆ. 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ನೋಡಲು ಅಂಥ ಚೆಂದವೇನಿಲ್ಲ, ಸೋದರಮಾವನ ಮಗ ಇವತ್ತಿಗೂ ಅದನ್ನು "ಬ್ಯಾಂಕ್ ಮ್ಯಾನೇಜರ್ ಗಾಡಿ" ಅನ್ನುತ್ತಾನೆ.

ಗಾಡಿ ನೋಡಲು ತಾತ ಇಸ್ತ್ರಿ ಶರಟು ಹಾಕಿಕೊಂಡು ಬಂದರು. ಎಷ್ಟೋ ವರ್ಷಗಳ ಮೇಲೆ ಡ್ಯೂಟಿಗೆ ಹೊರಟವರಂತೆ ಕಾಣುತ್ತಿದ್ದರು. ಮಾತಾಡುವ ಮೊದಲು ಇಂಜಿನ್ ಮೇಲೆ ಅಂಗೈ ಇಟ್ಟು ನೋಡಿದರು, ತಣ್ಣಗಿದೆಯೇ ಎಂದು. ನಾವು ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿದ್ದಾಗ ಚಾಲೂ ಆಗಲು ತಕರಾರು ಮಾಡುವ ಇಂಜಿನ್ನಿನ ಗುಟ್ಟು ಗೊತ್ತಾಗುವುದಿಲ್ಲವಂತೆ. ಆಮೇಲೆ ಹಿಂದಿನ ಚೈನ್ ಚಕ್ರದ ಹಲ್ಲು ಸವೆದು ಚೂಪಾಗಿದೆಯೇ, ಮುಂದಿನ ಫೋರ್ಕಿನಿಂದ ಎಣ್ಣೆ ಜಿನುಗಿದೆಯೇ, ಹ್ಯಾಂಡಲ್ ನೆಟ್ಟಗಿದೆಯೇ. ಚಾಸಿ ನಂಬರನ್ನು ಕನ್ನಡಕ ಹಾಕಿ ಆರ್‌ಸಿ ಜೊತೆ ಒಂದೊಂದೇ ಅಂಕಿಯಾಗಿ ತಾಳೆ ನೋಡಿದರು. ಸಾಲ ಬಾಕಿ ಇಲ್ಲ ಎಂಬ ಬ್ಯಾಂಕಿನ ಪತ್ರ, ಇನ್ಶೂರೆನ್ಸ್ ಕೇಳಿದರು. ಎಪ್ಪತ್ತು ಸಾವಿರಕ್ಕೆ ಮಾತಾಯಿತು. ನನ್ನ ಬಳಿ ನಲವತ್ತೆಂಟು ಸಾವಿರ ಇತ್ತು. ಮನೆಗೆ ಬಂದಾಗ ಉಳಿದ ಇಪ್ಪತ್ತೆರಡು ಸಾವಿರ ದೇವರ ಮುಂದೆ ಇತ್ತು, ಅಜ್ಜಿಯ ಚೀಟಿ ದುಡ್ಡು. "ಹಾಲಿನ ಲೆಕ್ಕ ಥರ ತಿಂಗಳಿಗೆ ಎರಡು ಸಾವಿರ ವಾಪಸ್ ಕೊಡ್ಬೇಕು" ಅಂದರು, ನನ್ನ ಮುಖ ನೋಡದೆ.

ಗಾಡಿಯನ್ನು ನನಗೆ ಹೊಂದಿಸುವ ಕೆಲಸ ಇನ್ನೂ ಇತ್ತು. ನನ್ನ ಶೂ ದೊಡ್ಡದು, ಗೇರ್ ಲಿವರ್ ಕೆಳಗೆ ತೂರುತ್ತಿರಲಿಲ್ಲ. ಮೆಕ್ಯಾನಿಕ್ ಅದನ್ನು ಸ್ವಲ್ಪ ಮೇಲಕ್ಕೆ ಮಾಡಿಕೊಟ್ಟರು. ಸೀಟ್ ಹೊಲಿಯುವ ಅಂಗಡಿಯಲ್ಲಿ ಒಂದಿಂಚು ಸ್ಪಂಜ್ ಹೆಚ್ಚಿಗೆ ಹಾಕಿಸಿದೆ. ಸೀಟು ಎತ್ತರವಾದಷ್ಟೂ ಮೊಣಕಾಲು ಬಿಚ್ಚಿಕೊಳ್ಳುತ್ತದೆ. ನಮ್ಮಂಥವರಿಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಹುಬ್ಬಿನ ಮೇಲೆ ತಲೆಯ ಸುತ್ತ ಟೇಪು ಹಿಡಿದು ಅಳೆದು ಐಎಸ್‌ಐ ಗುರುತಿನ ಹೆಲ್ಮೆಟ್ ತಗೊಂಡೆ. ವೇಲನ್ನು ಬ್ಯಾಗಿನೊಳಗೆ ಹಾಕಿಯೇ ಗಾಡಿ ಹತ್ತುವುದು, ಗಾಳಿಗೆ ಹಾರುವ ವೇಲು ಚಕ್ರಕ್ಕೆ ಸಿಕ್ಕರೆ ಕತ್ತಿಗೇ ಅಪಾಯ.

ಎಲ್‌ಎಲ್‌ಆರ್ ಆದ ಮೇಲೆ ಬಡಾವಣೆಯ ಮೈದಾನದಲ್ಲಿ ಬೆಳಗ್ಗೆ ಆರಕ್ಕೆ, ಕ್ರಿಕೆಟ್ ಹುಡುಗರು ಬರುವ ಮುಂಚೆ ಪಾಠ. ಮೊದಲ ವಾರ ತಾತ ಆಕ್ಸಿಲರೇಟರ್ ಮುಟ್ಟಲೇ ಬಿಡಲಿಲ್ಲ. ಕ್ಲಚ್ಚನ್ನು ನಿಧಾನ ಬಿಟ್ಟು, ಗಾಡಿ ತಾನೇ ಕದಲುವ ಆ ಜಾಗವನ್ನು ಬೆರಳಿಗೆ ಗುರುತು ಮಾಡಿಸುವುದು, ಮತ್ತೆ ಹಿಡಿಯುವುದು. ಕಾಲು ಎರಡೂ ಬದಿ ಬಾತುಕೋಳಿ ಥರ. ಮೂರನೇ ದಿನ ಗಾಡಿ ವಾಲಿತು. ಕಾಲೂರಿದೆ, ಹಲ್ಲು ಕಚ್ಚಿದೆ, ನಿಂತಿತು! ಅದೇ ಕೋನ, ಅದೇ ಎಡಗಾಲು. ತಾತ ದೂರದ ಕಲ್ಲುಬೆಂಚಿನಿಂದ ಏಳಲೂ ಇಲ್ಲ. "ಹ್ಞೂಂ, ಇನ್ನೊಂದು ಸುತ್ತು" ಅಂದರು.

ಈಗ ಐದು ತಿಂಗಳಾಯಿತು, ಲೈಸೆನ್ಸ್ ಬಂದಿದೆ. ಪ್ರಾರ್ಥನೆಗೆ ಹತ್ತು ನಿಮಿಷ ಮುಂಚೆ ಶಾಲೆಯಲ್ಲಿರುತ್ತೇನೆ. ಮಳೆಯಲ್ಲಿ ಒಂದು ಸಲ ಬಿದ್ದೆ, ಮೊಣಕೈ ತರಚಿತು, ಗಾಡಿಯನ್ನು ಒಬ್ಬಳೇ ಎತ್ತಿದೆ. ಅಜ್ಜಿಗೆ ಗೊತ್ತಿಲ್ಲ. ಈ ಬರಹ ಓದಿದರೆ ಗೊತ್ತಾಗುತ್ತದೆ.

ಅಜ್ಜಿಗೂ ಒಂದು ಹೆಲ್ಮೆಟ್ ತಂದಿದ್ದೇನೆ. ತುರುಬು ಅಡ್ಡ ಬರುತ್ತದೆಂದು ಮೊದಲು ಜಗಳವಾಡಿದರು, ಈಗ ಹೊರಡುವ ದಿನ ತುರುಬನ್ನು ಕತ್ತಿನ ಹತ್ತಿರ ಇಳಿಸಿ ಕಟ್ಟುತ್ತಾರೆ. ಸ್ಯಾರಿ ಗಾರ್ಡ್ ಇರುವ ಕಡೆ ಕಾಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಕಂಬಿ ಹಿಡಿದು ಕೂರುತ್ತಾರೆ. ಹೋದ ಶುಕ್ರವಾರ ದೇವರಾಜ ಮಾರುಕಟ್ಟೆಗೆ ಹೂವಿಗೆ ಹೋಗಿದ್ದೆವು. ವಾಪಸ್ ಬರುವಾಗ ಸಿಗ್ನಲ್ಲಿನಲ್ಲಿ ನಿಂತಾಗ ಬೆನ್ನು ತಟ್ಟಿ, "ನಿನ್ನ ಹಿಂದೆ ಕೂತ್ರೆ ಮುಂದೆ ಏನೂ ಕಾಣಲ್ಲ ಕಣೇ" ಅಂದರು. ಎರಡು ಸಾವಿರದ ಕಂತು ಇನ್ನೂ ಆರು ಬಾಕಿ ಇದೆ.