ಮೂತ್ರಕೋಶದ ಕ್ಯಾನ್ಸರು ಮತ್ತು ಕಿರಣ ಚಿಕಿತ್ಸೆ

೧೮೯೫ರಲ್ಲಿ ಜರ್ಮನಿಯಲ್ಲಿ ಎರಡು ಗಮನಾರ್ಹ ಸಂಗತಿಗಳು ನಡೆದುವು. ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಎಂಬಾತನು, ಫುಕ್ಸಿನ್ ಎಂಬ ಬಣ್ಣವನ್ನು ತಯಾರಿಸುವ ಕಾರ್ಖಾನೆಯ ಕೆಲಸಗಾರರಿಗೆ ಮೂತ್ರಕೋಶದಲ್ಲಿ ಗಂತಿಗಳು ಬೆಳೆದುದನ್ನು ವರದಿ ಮಾಡಿದನು. ಅದೇ ವರ್ಷದ ನವೆಂಬರಿನಲ್ಲಿ ಭೌತವಿಜ್ಞಾನಿ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. ಒಬ್ಬನು ರೋಗದ ಒಂದು ಕಾರಣವನ್ನು ಗುರುತಿಸಿದನು. ಇನ್ನೊಬ್ಬನು, ತಾನರಿಯದೆಯೇ, ಅದರ ಒಂದು ಚಿಕಿತ್ಸೆಗೆ ತಳಹದಿ ಹಾಕಿದನು.

ಮೂತ್ರಕೋಶವೆಂಬುದು ಸ್ನಾಯುವಿನ ಒಂದು ಚೀಲ. ಮೂತ್ರಪಿಂಡಗಳಿಂದ ಇಳಿದುಬರುವ ಮೂತ್ರವು ಇಲ್ಲಿ ಕೆಲವು ಗಂಟೆ ನಿಲ್ಲುತ್ತದೆ. ಬಣ್ಣದ ಕಾರ್ಖಾನೆಗಳಲ್ಲಿದ್ದಂಥ ಆರೋಮ್ಯಾಟಿಕ್ ಅಮೀನುಗಳು ತಂಬಾಕಿನ ಹೊಗೆಯಲ್ಲಿಯೂ ಇವೆ. ಅವು ರಕ್ತದ ಮೂಲಕ ಮೂತ್ರವನ್ನು ಸೇರಿ, ಚೀಲದ ಒಳಪದರವನ್ನು ಕೆಡಿಸುತ್ತವೆ. ಗಂತಿಯು ಒಳಪದರದಲ್ಲಿಯೇ ಇದ್ದರೆ ಅದನ್ನು ಒಳಗಿನಿಂದಲೇ ಕೆರೆದು ತೆಗೆಯಬಹುದು. ಸ್ನಾಯುವಿನೊಳಕ್ಕೆ ಬೇರೂರಿದ್ದರೆ ಇರುವ ಮುಖ್ಯ ದಾರಿಗಳು ಎರಡು: ಇಡೀ ಮೂತ್ರಕೋಶವನ್ನು ಕತ್ತರಿಸಿ ತೆಗೆದು ಮೂತ್ರಕ್ಕೆ ಬೇರೊಂದು ಹಾದಿಯನ್ನು ಮಾಡಿಕೊಡುವುದು; ಇಲ್ಲವೆ ಚೀಲವನ್ನು ಉಳಿಸಿಕೊಂಡು ಗಂತಿಯನ್ನು ಕಿರಣಗಳಿಂದ ನಾಶಮಾಡುವುದು. ಎರಡನೆಯ ದಾರಿಯ ಭೌತವಿಜ್ಞಾನವನ್ನು ಈಗ ನೋಡೋಣ.

ಅಲ್ಪ ಶಕ್ತಿ, ದೊಡ್ಡ ಪರಿಣಾಮ

ಒಂದು ಕಿಲೋಗ್ರಾಂ ದ್ರವ್ಯವು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ‘ಗ್ರೇ’ ಪ್ರಮಾಣ. ಮೂತ್ರಕೋಶಕ್ಕೆ ಕೊಡುವ ಒಂದು ರೂಢಿಯ ಪ್ರಮಾಣ ೬೪ ಗ್ರೇ. ಇದನ್ನು ೩೨ ಕಂತುಗಳಲ್ಲಿ, ಸುಮಾರು ಆರೂವರೆ ವಾರಗಳ ಕಾಲ, ಕಂತಿಗೆ ೨ ಗ್ರೇ ಪ್ರಕಾರ ಕೊಡುತ್ತಾರೆ. ನಾವು ತರಗತಿಯಲ್ಲಿ ಮಾಡುವ ಉಷ್ಣದ ಲೆಕ್ಕವನ್ನೇ ಇಲ್ಲಿ ಮಾಡಿನೋಡಬಹುದು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯು ಒಂದು ಡಿಗ್ರಿ ಏರಲು ಸುಮಾರು ೪,೨೦೦ ಜೂಲ್ ಬೇಕು. ಆದುದರಿಂದ ೬೪ ಗ್ರೇಯನ್ನು ಒಮ್ಮೆಗೇ ಕೊಟ್ಟರೂ ಉಷ್ಣತೆ ಏರುವುದು ಡಿಗ್ರಿಯ ನೂರರಲ್ಲಿ ಒಂದೂವರೆ ಪಾಲು ಮಾತ್ರ!

ಹಾಗಾದರೆ ಕಿರಣಗಳು ಗಂತಿಯನ್ನು ಸುಡುವುದಿಲ್ಲವೆಂದಾಯಿತು. ಅವು ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಹೊರದಬ್ಬುತ್ತವೆ. ಈ ಇಲೆಕ್ಟ್ರಾನುಗಳೂ, ಅವುಗಳಿಂದ ಒಡೆದ ನೀರಿನ ಅಣುಗಳ ಚೂರುಗಳೂ ಜೀವಕೋಶದ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತವೆ. ಆರೋಗ್ಯವಂತ ಜೀವಕೋಶಗಳು ಒಂದು ಕಂತಿನಿಂದ ಇನ್ನೊಂದು ಕಂತಿನೊಳಗೆ ಈ ಹಾನಿಯನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ. ಕ್ಯಾನ್ಸರಿನ ಜೀವಕೋಶಗಳಿಗೆ ಸಾಮಾನ್ಯವಾಗಿ ಅಷ್ಟು ಸಾಮರ್ಥ್ಯವಿಲ್ಲ. ಕಂತುಗಳಾಗಿ ಕೊಡುವುದರ ಮರ್ಮವಿದು.

ಕದಲುವ ಗುರಿ

ಮೊದಲಿನ ಕ್ಷ-ಕಿರಣ ಯಂತ್ರಗಳ ಶಕ್ತಿಯು ಬಹುಪಾಲು ಚರ್ಮದ ಬಳಿಯಲ್ಲಿಯೇ ವ್ಯಯವಾಗುತ್ತಿತ್ತು. ಹೊಟ್ಟೆಯ ಆಳದಲ್ಲಿರುವ ಮೂತ್ರಕೋಶಕ್ಕೆ ಸಾಕಷ್ಟು ತಲಪುತ್ತಿರಲಿಲ್ಲ. ೧೯೫೧ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-೬೦ರ ಗಾಮಾ ಕಿರಣಗಳಿಂದಲೂ, ೧೯೫೩ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ರೇಖೀಯ ವೇಗವರ್ಧಕದಿಂದಲೂ ಚಿಕಿತ್ಸೆ ಆರಂಭವಾದ ಮೇಲೆ ಈ ತೊಡಕು ನೀಗಿತು.

ಆದರೆ ಇನ್ನೊಂದು ತೊಡಕು ಉಳಿಯಿತು. ಮೂತ್ರಕೋಶವು ಬಲೂನಿನಂತೆ ಹಿಗ್ಗಿ ಕುಗ್ಗುತ್ತದೆ. ನಿನ್ನೆ ಇದ್ದ ಆಕಾರ ಇಂದಿಲ್ಲ. ಅದರ ಸುತ್ತ ಕರುಳುಗಳಿವೆ. ಕಿರಣದ ಕ್ಷೇತ್ರವನ್ನು ಹಿಗ್ಗಿಸಿದರೆ ಕರುಳಿಗೆ ಪೆಟ್ಟು. ಕುಗ್ಗಿಸಿದರೆ ಗಂತಿಯ ಅಂಚು ತಪ್ಪಿಹೋಗುತ್ತದೆ. ಆದುದರಿಂದ ಸಾಮಾನ್ಯವಾಗಿ ರೋಗಿಯು ಪ್ರತಿ ಕಂತಿಗೂ ಮುಂಚೆ ಮೂತ್ರ ವಿಸರ್ಜಿಸಿ ಬರಬೇಕು. ಈಗ ಯಂತ್ರದ ಮೇಲೆ ಮಲಗಿರುವಾಗಲೇ ಚಿತ್ರ ತೆಗೆಯಬಹುದು. ಕೆಲವೆಡೆ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಯೋಜನೆಗಳನ್ನು ಮೊದಲೇ ಸಿದ್ಧಮಾಡಿಟ್ಟು, ಆ ದಿನದ ಚಿತ್ರಕ್ಕೆ ಹೊಂದುವುದನ್ನು ಆರಿಸುತ್ತಾರೆ.

ಆಮ್ಲಜನಕದ ನೆರವು

ಆಮ್ಲಜನಕವು ಸಾಲದಿರುವ ಜೀವಕೋಶಗಳು ಕಿರಣಗಳಿಗೆ ಹೆಚ್ಚು ಜಗ್ಗುವುದಿಲ್ಲವೆಂಬುದನ್ನು ಬ್ರಿಟನ್ನಿನ ಭೌತವಿಜ್ಞಾನಿ ಗ್ರೇ ಮತ್ತು ಆತನ ಸಂಗಡಿಗರು ೧೯೫೩ರಲ್ಲಿ ವಿಶದಪಡಿಸಿದರು. ಮೇಲೆ ಹೇಳಿದ ಮಾನಕ್ಕೆ ಈತನ ಹೆಸರನ್ನೇ ಇಟ್ಟಿದೆ. ಗಂತಿಯ ಒಳಭಾಗಕ್ಕೆ ರಕ್ತದ ಪೂರೈಕೆ ಕಡಮೆಯಾದುದರಿಂದ ಅಲ್ಲಿ ಆಮ್ಲಜನಕದ ಅಭಾವವಿರುತ್ತದೆ. ಕಂತಿನ ವೇಳೆ ಆಮ್ಲಜನಕವೇ ಬಹುಪಾಲಾಗಿರುವ ವಾಯುವನ್ನು ಉಸಿರಾಡಿಸಿ, ಜೊತೆಗೆ ನಿಕೊಟಿನಮೈಡ್ ಕೊಟ್ಟರೆ ರೋಗಿಗಳ ಆಯುಸ್ಸು ಹೆಚ್ಚುವುದೆಂದು ೨೦೧೦ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದು ತೋರಿಸಿತು. ೨೦೧೨ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ೩೬೦ ರೋಗಿಗಳಿದ್ದರು. ಕಿರಣಗಳೊಡನೆ ಔಷಧಗಳನ್ನೂ ಪಡೆದವರಲ್ಲಿ ಎರಡು ವರ್ಷಗಳ ತರುವಾಯ ಶೇಕಡ ೬೭ ಮಂದಿಗೆ ಆ ಭಾಗದಲ್ಲಿ ರೋಗ ಮರಳಿರಲಿಲ್ಲ. ಬರಿಯ ಕಿರಣ ಪಡೆದವರಲ್ಲಿ ಈ ಪ್ರಮಾಣ ಶೇಕಡ ೫೪.

ಈ ಚಿಕಿತ್ಸೆ ಎಲ್ಲ ರೋಗಿಗಳಿಗೂ ಒಗ್ಗದು. ಚಿಕಿತ್ಸೆಯ ವೇಳೆ ಮೂತ್ರದಲ್ಲಿ ಉರಿ, ಭೇದಿ ಮೊದಲಾದ ತೊಂದರೆಗಳುಂಟು. ಆಮೇಲೆಯೂ ನಳಿಕೆ ಹಾಯಿಸಿ ಮೂತ್ರಕೋಶವನ್ನು ಆಗಾಗ ಪರೀಕ್ಷಿಸುತ್ತಿರಬೇಕು. ಸ್ನಾಯುವಿನಲ್ಲಿ ರೋಗ ಮರಳಿದರೆ ಶಸ್ತ್ರಚಿಕಿತ್ಸೆಗೇ ಮೊರೆಹೋಗಬೇಕಾಗುವುದು.

ಕೊನೆಯದಾಗಿ ಒಂದು ಮಾತು. ಈ ರೋಗದ ಮೊದಲ ಸೂಚನೆ ಅನೇಕ ವೇಳೆ ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸುವುದು. ನೋವಿಲ್ಲವೆಂದೇ ಜನ ಅದನ್ನು ಅಲಕ್ಷಿಸುತ್ತಾರೆ. ಮರುದಿನ ರಕ್ತ ನಿಂತರಂತೂ ಮರೆತೇಬಿಡುತ್ತಾರೆ. ನಮ್ಮ ಮನೆಯ ಹಿರಿಯರಲ್ಲಿ ಒಮ್ಮೆ ಹೀಗೆ ಕಂಡರೂ ವೈದ್ಯರಲ್ಲಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯ. ಯಂತ್ರಗಳು ಎಷ್ಟೇ ಸೂಕ್ಷ್ಮವಾಗಲಿ, ರೋಗಿಯು ಸಕಾಲದಲ್ಲಿ ಬಂದರೆ ತಾನೆ ಅವುಗಳಿಂದ ಪೂರ್ಣ ಪ್ರಯೋಜನ!