ಬಂಡೆ ಏರುವವರ ಬೆರಳುಗಳು

ಚಳಿಗಾಲದ ಭಾನುವಾರಗಳಂದು ದೆಹಲಿಯ ತರುಣರು ಹಗ್ಗ, ಶಿರಸ್ತ್ರಾಣಗಳನ್ನು ಹೊತ್ತು ಫರೀದಾಬಾದ್ ಜಿಲ್ಲೆಯ ಧೌಜ್‌ಗೆ ಹೋಗುವುದುಂಟು. ಅರಾವಳಿಯ ಕುರುಚಲು ಕಾಡಿನ ನಡುವೆ ಎದ್ದುನಿಂತಿರುವ ಅಲ್ಲಿಯ ಬಂಡೆಗಳು ಬಹುಕಾಲದಿಂದ ರಾಜಧಾನಿಯ ಶಿಲಾರೋಹಿಗಳ ಪಾಠಶಾಲೆಯಾಗಿವೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಅದರ ಹೆಸರು ಈಗ ಶಾಲಾಮಕ್ಕಳ ಕಿವಿಗೂ ಬಿದ್ದಿದೆ.

ಮಗನೋ ಮಗಳೋ ಬಂಡೆ ಹತ್ತಲು ಹೊರಟರೆ ತಾಯಿತಂದೆಯರನ್ನು ಮೊದಲು ಕಾಡುವುದು ಬೀಳುವ ಭಯ. ಅದು ನಿರಾಧಾರವಲ್ಲ. ಹಗ್ಗವಿಲ್ಲದೆ ಏರುವ ಗಿಡ್ಡ ಬಂಡೆಗಳಿಂದಲೂ ಬಿದ್ದು ಕಾಲಿನ ಕೀಲು, ಮಣಿಕಟ್ಟುಗಳನ್ನು ಮುರಿದುಕೊಳ್ಳುವವರಿದ್ದಾರೆ. ಆದರೆ ಬೀಳದೆಯೇ ಆಗುವ ಗಾಯವೊಂದಿದೆ. ಅದನ್ನು ಮನೆಯವರು ಗುರುತಿಸುವುದು ವಿರಳ.

ಸಾವನದುರ್ಗದ ನುಣುಪು ಗ್ರಾನೈಟ್ ಇಳಿಜಾರಿನಲ್ಲಿ ಪಾದರಕ್ಷೆಯ ಅಟ್ಟೆ ಕಲ್ಲಿಗೆ ಕಚ್ಚಿಕೊಳ್ಳುವುದೇ ಮುಖ್ಯ ಆಧಾರ. ಧೌಜ್‌ನದು ಬೆಣಚುಶಿಲೆ, ಸೀಳಿ ಒಡೆದು ಅಂಚು ಅಂಚಾಗಿರುವ ಕಲ್ಲು. ಇಲ್ಲಿ ಬೆರಳ ತುದಿಗಳಿಗೆ ಹೆಚ್ಚು ಭಾರ ಬೀಳುತ್ತದೆ.

ಉಡದ ಪಟ್ಟೆಂದು ನಮ್ಮವರು ಕೊಂಡಾಡುವ ಹಿಡಿತದ ಬಲ ವಾಸ್ತವವಾಗಿ ಬೆರಳಿನದಲ್ಲ. ಬೆರಳನ್ನು ಮಡಿಸುವ ಪ್ರಧಾನ ಸ್ನಾಯುಗಳಿರುವುದು ಮುಂದೋಳಿನಲ್ಲಿ. ಅಲ್ಲಿಂದ ಹುರಿಯಂಥ ಸ್ನಾಯುರಜ್ಜುಗಳು ಅಂಗೈಯನ್ನು ದಾಟಿ ಬೆರಳ ಮೂಳೆಗಳನ್ನು ಸೇರುತ್ತವೆ. ಈ ಹುರಿಗಳು ಮೂಳೆಯಿಂದ ಮೇಲೇಳದಂತೆ ಉಂಗುರದಾಕಾರದ ಪಟ್ಟಿಗಳು ಬಿಗಿಹಿಡಿದಿರುತ್ತವೆ. ನಡುಗೀಲನ್ನು ಕೊಕ್ಕೆಯಂತೆ ಮಡಿಸಿ, ತುದಿಗೀಲನ್ನು ಹಿಂದಕ್ಕೆ ಬಾಗಿಸಿ ಸಣ್ಣ ಅಂಚನ್ನು ಹಿಡಿದಾಗ, ಬೆರಳ ಬುಡದ ಪಟ್ಟಿಯ ಮೇಲೆ ತುದಿಯಲ್ಲಿರುವುದಕ್ಕಿಂತ ಹಲವು ಪಟ್ಟು ಒತ್ತಡ ಬೀಳುತ್ತದೆ. ಅದೇ ಕ್ಷಣದಲ್ಲಿ ಕಾಲು ಜಾರಿದರೆ ಪಟ್ಟಿ ಹರಿಯಬಹುದು. 'ಟಪ್' ಎಂಬ ಸದ್ದು ಕೇಳಿಸುವುದೂ ಉಂಟು. ಹಲವು ಪಟ್ಟಿಗಳು ಒಟ್ಟಿಗೆ ಹರಿದರಂತೂ ಹುರಿ ಬಿಲ್ಲಿನ ಹೆದೆಯಂತೆ ಚರ್ಮದಡಿ ಎದ್ದು ನಿಲ್ಲುತ್ತದೆ. ಉಂಗುರಬೆರಳು, ನಡುಬೆರಳುಗಳಿಗೇ ಈ ಪೆಟ್ಟು ಹೆಚ್ಚು. ಆ ಕೂಡಲೇ ಏರುವುದನ್ನು ನಿಲ್ಲಿಸಿ, ತಣ್ಣೀರಿನ ಬಟ್ಟೆಯಿಟ್ಟು, ಮೂಳೆವೈದ್ಯರನ್ನು ಕಾಣಬೇಕು.

ಸ್ನಾಯು ವಾರಗಳಲ್ಲಿ ಬಲಿಯುತ್ತದೆ. ರಕ್ತಸಂಚಾರ ಕಡಿಮೆಯಿರುವ ಹುರಿಗೆ ತಿಂಗಳುಗಳೇ ಬೇಕು. ಆದ್ದರಿಂದ 'ಈಗ ಕೈ ಪಳಗಿತು' ಎಂದುಕೊಳ್ಳುವ ಹೊತ್ತೇ ಅಪಾಯದ ಹೊತ್ತು. ಸುಲಭದ ಏರುಗಳಿಂದ ಕೈಯನ್ನು ಬೆಚ್ಚಗಾಗಿಸಿಕೊಳ್ಳುವುದು, ಸಾಧ್ಯವಾದೆಡೆ ಬೆರಳುಗಳನ್ನು ಚಾಚಿಯೇ ಹಿಡಿಯುವುದು, ನಡುವೆ ವಿಶ್ರಾಂತಿಯ ದಿನಗಳನ್ನು ಬಿಡುವುದು ಹಿತಕರ.

ಹರೆಯಕ್ಕೆ ಕಾಲಿಡುತ್ತಿರುವ ಮಕ್ಕಳ ವಿಷಯ ಬೇರೆ. ಮೂಳೆ ಇನ್ನೂ ಬೆಳೆಯುತ್ತಿರುವಾಗ ಹುರಿ, ಪಟ್ಟಿಗಳಿಗಿಂತ ಮೊದಲು ಸೋಲುವುದು ಕೀಲಿನ ಬಳಿಯ ಮೃದ್ವಸ್ಥಿಯ ಪದರ. ಮೂಳೆ ಉದ್ದವಾಗುವುದೇ ಅದರಿಂದ. ಅಲ್ಲಿ ಸದ್ದಿಲ್ಲ, ಬಾವೂ ಅಷ್ಟಾಗಿ ಕಾಣದು. ನಡುಗೀಲಿನ ಹಿಂಬದಿಯಲ್ಲಿ ವಾರಗಟ್ಟಲೆ ನೋವಷ್ಟೆ. ಉಳುಕೆಂದು ಬಗೆದು ಎಣ್ಣೆ ತಿಕ್ಕಿ, ಬೆರಳೆಳೆಸಿ, ಮುಂದಿನ ಭಾನುವಾರ ಮತ್ತೆ ಬಂಡೆಗೆ ಕಳುಹಿಸಿದರೆ ಬೆರಳು ಶಾಶ್ವತವಾಗಿ ಸೊಟ್ಟಗಾಗುವ ಸಂಭವವಿದೆ. ಆ ನೋವಿಗೆ ಕ್ಷಕಿರಣ ಚಿತ್ರ ಅಗತ್ಯ. ಅದರಲ್ಲಿ ಏನೂ ಕಾಣದೆಯೂ ನೋವು ಉಳಿದರೆ ಎಂ.ಆರ್.ಐ. ಬೇಕಾದೀತು. ಬೇಗ ಪತ್ತೆಯಾದರೆ ಏರುವುದನ್ನು ಕೆಲವು ತಿಂಗಳು ನಿಲ್ಲಿಸಿದಷ್ಟಕ್ಕೇ ಬಹುಮಟ್ಟಿಗೆ ವಾಸಿಯಾಗುತ್ತದೆ.