ಅಂಗಾತ ಈಜುವ ಬೇಟೆಗಾರ

ಉತ್ತರ ಕ್ಯಾರೊಲಿನಾದ ಕ್ಯಾರಿಯಿಂದ ಓದುಗರೊಬ್ಬರು ಕೇಳಿದ್ದಾರೆ: "ಹಿತ್ತಲಿನ ಪೂಲ್‌ನಲ್ಲಿ ಹುಳುವೊಂದು ಅಂಗಾತ ತೇಲುತ್ತಿತ್ತು. ಸತ್ತಿದೆಯೆಂದು ಎತ್ತಲು ಹೋದ ಮಗಳ ಬೆರಳಿಗೆ ಚುಚ್ಚಿತು. ಕ್ಲೋರಿನ್ ನೀರಿಗೆ ಇದು ಹೇಗೆ ಬಂತು?"

ಹಾರಿ ಬಂತು. ಇದು ನೋಟೊನೆಕ್ಟ, ಅಮೆರಿಕದವರ ಬಾಯಲ್ಲಿ ಬ್ಯಾಕ್‌ಸ್ವಿಮ್ಮರ್. ತಿಗಣೆಯ ದೂರದ ನೆಂಟ. ಕ್ಯಾರೊಲಿನಾ ಕರಾವಳಿ ಬಯಲಿನಲ್ಲಿ 'ಕ್ಯಾರೊಲಿನಾ ಬೇ' ಎಂಬ ಅಂಡಾಕಾರದ ತಗ್ಗುಗಳು ಸಾವಿರಾರಿವೆ. ಅನೇಕವು ಬೇಸಗೆಯಲ್ಲಿ ಬತ್ತುವುದರಿಂದ ಮೀನು ನೆಲೆಸಲಾರದು. ಮೀನಿಲ್ಲದ ಇಂಥ ನೀರಿನಲ್ಲೇ ಇದರ ದರ್ಬಾರು. ನೀರು ಆರಿದರೆ ರೆಕ್ಕೆ ಬಿಚ್ಚಿ ಹೊರಡುತ್ತದೆ. ನೀರಿನಿಂದ ಪ್ರತಿಫಲಿಸಿದ ಧ್ರುವೀಕೃತ ಬೆಳಕನ್ನು ಇದರ ಕಣ್ಣು ಗುರುತಿಸುತ್ತದೆಂದು ಜರ್ಮನಿಯ ವಿಜ್ಞಾನಿ ರುಡಾಲ್ಫ್ ಶ್ವಿಂಡ್ 1980ರ ದಶಕದಲ್ಲಿ ತೋರಿಸಿದರು. ಆ ಕಣ್ಣಿಗೆ ನಿಮ್ಮ ಪೂಲ್ ಕೂಡ ಮೀನಿಲ್ಲದ ಹೊಂಡವೇ!

ಬೆನ್ನು ತೆಳುಬಣ್ಣ, ಹೊಟ್ಟೆ ಕಪ್ಪು. ಮಗುಚಿಕೊಂಡು ಬದುಕುವವನಿಗೆ ಮರೆಯಾಗಲು ಹೀಗೇ ಇರಬೇಕು. ನೀರಿನ ಮೇಲ್ಪದರದ ಕೆಳಗೆ ಜೋತುಬಿದ್ದು, ಮೇಲೆ ಬಿದ್ದ ಕೀಟ ಒದ್ದಾಡಿದಾಗ ಏಳುವ ಕಿರುಅಲೆಗಳಿಂದಲೇ ಅದರ ಜಾಡು ಹಿಡಿಯುತ್ತದೆ. ಕೂದಲಂಚಿನ ಹಿಂಗಾಲುಗಳನ್ನು ದೋಣಿಯ ಹುಟ್ಟಿನಂತೆ ಬೀಸಿ ಧಾವಿಸಿ, ಸೂಜಿಮೂತಿ ಚುಚ್ಚಿ ರಸ ಹೀರುತ್ತದೆ.

ನನಗೆ ಇದಕ್ಕಿಂತ ಸೋಜಿಗವೆನಿಸುವುದು ಇದರ ದಾಯಾದಿ ಬ್ಯೂನೊವಾ. ಕೀಟಗಳಲ್ಲಿ ಹಿಮೋಗ್ಲೋಬಿನ್ ಅಪರೂಪ. ಬ್ಯೂನೊವಾದಲ್ಲಿ ಅದಿದೆಯೆಂದು ಕ್ಯಾನ್ಸಸ್‌ನ ಕೀಟತಜ್ಞ ಎಚ್.ಬಿ. ಹಂಗರ್‌ಫೋರ್ಡ್ 1922ರಲ್ಲೇ ಬರೆದರು. ಏಕೆ ಬೇಕು ಅದು? ಹುಳು ಗಾಳಿಗುಳ್ಳೆ ಹೊತ್ತು ಮುಳುಗುತ್ತದೆ. ಗುಳ್ಳೆ ದೊಡ್ಡದಿದ್ದರೆ ಮೇಲಕ್ಕೆ ತಳ್ಳುತ್ತದೆ. ಉಸಿರಾಡಿ ಕುಗ್ಗಿದರೆ ಹುಳು ತಳಕ್ಕಿಳಿಯುತ್ತದೆ. ಹಿಮೋಗ್ಲೋಬಿನ್ ತಾನು ಹಿಡಿದಿಟ್ಟ ಆಮ್ಲಜನಕವನ್ನು ಬಿಟ್ಟುಕೊಟ್ಟು ಗುಳ್ಳೆ ಬೇಗ ಕುಗ್ಗದಂತೆ ಕಾಯುತ್ತದೆ. ಹೀಗಾಗಿ ಏಳದೆ, ಮುಳುಗದೆ ನಡುನೀರಿನಲ್ಲಿ ನಿಂತು ಬೇಟೆಯಾಡಬಹುದು. ಸಂಶೋಧಕರಾದ ಮ್ಯಾಥ್ಯೂಸ್ ಮತ್ತು ಸೀಮೋರ್ 2006ರಲ್ಲಿ ಆಸ್ಟ್ರೇಲಿಯಾದ ಅನಿಸಾಪ್ಸ್ ಎಂಬ ಇದೇ ಬಳಗದ ಹುಳುವಿನಲ್ಲಿ ಈ ಲೆಕ್ಕಾಚಾರವನ್ನು ಅಳೆದು ತೋರಿಸಿದರು. ಅನಿಸಾಪ್ಸ್ ಕುಲದವು ನಮ್ಮ ಕೆರೆಗಳಲ್ಲೂ ಇವೆ.

ಸೊಳ್ಳೆಮರಿ ತಿನ್ನುತ್ತದಲ್ಲ, ಸಾಕಿಕೊಂಡರೆ ಹೇಗೆ ಎಂದು ಉತ್ಸಾಹಿಗಳು ಕೇಳುವುದುಂಟು. ತಿನ್ನುವುದೇನೋ ನಿಜ. ಆದರೆ ಅಟ್ಲಾಂಟಾ, ವಾಷಿಂಗ್ಟನ್‌ಗಳಲ್ಲಿ ಹಗಲೇ ಕಚ್ಚುವ ಏಷ್ಯನ್ ಟೈಗರ್ ಸೊಳ್ಳೆ ಮೊಟ್ಟೆಯಿಡುವುದು ಹೂಕುಂಡದ ತಟ್ಟೆ, ಹಳೇ ಟಯರುಗಳಲ್ಲಿ. ಅಷ್ಟು ಕಡಿಮೆ ನೀರಿನಲ್ಲಿ ಈ ಬೇಟೆಗಾರ ಮನೆ ಮಾಡುವುದಿಲ್ಲ.

ಇದನ್ನು ದೂರವಿಡಲು ಪೂಲ್‌ನ ಪಾಚಿ ಉಜ್ಜಿ ತೆಗೆಯಿರಿ. ಪಾಚಿಗೆ ಬರುವ ಸಣ್ಣ ಹುಳುಗಳೇ ಇದರ ಊಟ. ಹುಳುವನ್ನು ಸೆಳೆಯುವ ದೀಪವನ್ನು ರಾತ್ರಿ ಆರಿಸಿ. ಎತ್ತುವಾಗ ಬಲೆ ಬಳಸಿ, ಬೆರಳಲ್ಲ.